ಹದಿನೈದು ಸಾವಿರ ಹೆರಿಗೆಯ ತಾಯಿ: ಸೂಲಗಿತ್ತಿ ನರಸಮ್ಮನವರು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿದ್ದು ಎಲ್ಲರಿಗೂ ಹರ್ಷದ ಸಂಗತಿ. ಈ ಸಮಾರಂಭದಲ್ಲಿ ಸಹಕಾರ ತತ್ತ್ವದ ಮೇಲೆ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ನಮ್ಮನ್ನು ಕೇಳಿದ್ದರು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಥೆಯನ್ನು ನೀವು ಪ್ರತಿ ಸಹಕಾರ ಸಪ್ತಾಹದಲ್ಲೂ ಕೇಳಿದ್ದೀರಿ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದು ನಮಗೆ ಸರಿ ಕಾಣಲಿಲ್ಲ. ಹಾಗಾಗಿ ಯಾವ ಸಂಘದ ಸದಸ್ಯೆಯೂ ಅಲ್ಲದೆ, ಯಾವ ಪಾಸ್‌ಬುಕ್ಕಿನಲ್ಲೂ ಲೆಕ್ಕ ಬರೆಸದೆ, ಎಪ್ಪತ್ತು ವರ್ಷ ಊರಿಗೆಲ್ಲ ದುಡಿದ ಒಬ್ಬ ತಾಯಿಯ ವಿಚಾರ ಮಾತಾಡುತ್ತೇವೆ ಅಂದೆವು. ಅವರೂ ಒಪ್ಪಿದರು.

ಆ ತಾಯಿಯೇ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು. 2018ರ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ವಯಸ್ಸು 98. ಉಸಿರಾಡಿದ ಕೊನೆಯ ಜಾಗ ಯಾವುದು ಗೊತ್ತೇ? ಇಲ್ಲೇ ನಮ್ಮ ಕೆಂಗೇರಿಯ ಬಿಜಿಎಸ್ ಆಸ್ಪತ್ರೆ. ಜ್ಞಾನಭಾರತಿ ಮೆಟ್ರೋ ನಿಲ್ದಾಣದಿಂದ ಎರಡು ನಿಲ್ದಾಣ ದಾಟಿದರೆ ಕೆಂಗೇರಿ. ಅಷ್ಟು ಹತ್ತಿರ ಅವರು ಶ್ವಾಸಕೋಶದ ಕಾಯಿಲೆಯಿಂದ ಮಲಗಿದ್ದರು. ನಮ್ಮಲ್ಲಿ ಬಹಳ ಜನಕ್ಕೆ ಅದು ತಿಳಿದದ್ದು ಮಾರನೆಯ ದಿನದ ಪೇಪರಿನಿಂದ.

ಪಾವಗಡದ ಸೀಮೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ತುಮಕೂರು ಜಿಲ್ಲೆಗೆ ಸೇರಿದ್ದರೂ ಹೆಚ್ಚೂಕಡಿಮೆ ಸುತ್ತಲೂ ಆಂಧ್ರದ ಗಡಿ. ಬಾಯಲ್ಲಿ ಕನ್ನಡವೂ ಉಂಟು, ತೆಲುಗೂ ಉಂಟು. ಮಳೆ ಕಡಿಮೆ, ಬಾವಿ ನೀರಿನಲ್ಲಿ ಫ್ಲೋರೈಡು, ಬಿಸಿಲು ಮಾತ್ರ ಬೇಕಾದಷ್ಟು. ಆ ಬಿಸಿಲಿನಿಂದ ಈಗ ತಿರುಮಣಿ ಹತ್ತಿರ ಕರೆಂಟು ತೆಗೆಯುತ್ತಾ ಇದ್ದಾರೆ. 1920ರಲ್ಲಿ ನರಸಮ್ಮನವರು ಹುಟ್ಟಿದ ಕಾಲಕ್ಕೆ ಅಲ್ಲಿ ದವಾಖಾನೆ ಎಂಬುದು ಬಹಳ ದೂರದ ಮಾತು. ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹನ್ನೆರಡನೇ ವಯಸ್ಸಿಗೆ ಆಂಜಿನಪ್ಪನವರ ಜೊತೆ ಮದುವೆ. ಹೆತ್ತದ್ದು ಹನ್ನೆರಡು ಮಕ್ಕಳು, ಅದರಲ್ಲಿ ನಾಲ್ಕು ಚಿಕ್ಕಂದಿನಲ್ಲೇ ಮಣ್ಣು ಸೇರಿದವು. ಊರವರ ಮಕ್ಕಳನ್ನು ಬದುಕಿಸಿದ ಕೈಗೆ ತನ್ನ ನಾಲ್ಕನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ಕಾಲದ ಹಳ್ಳಿಯ ಬದುಕು ಹೇಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅವರಿಗೆ ಈ ವಿದ್ಯೆ ಬಂದದ್ದು ಅಜ್ಜಿ ಮರಿಗೆಮ್ಮನಿಂದ. ಆ ಅಜ್ಜಿಯೂ ಸೂಲಗಿತ್ತಿ. ನರಸಮ್ಮನವರ ಮಕ್ಕಳಲ್ಲೇ ಐದನ್ನು ಅಜ್ಜಿ ಎತ್ತಿದ್ದರಂತೆ. ತನ್ನ ಬಾಣಂತನದಲ್ಲೇ ಪಾಠ ಆಯಿತು ಅನ್ನಬಹುದು! 1940ರಲ್ಲಿ, ಇಪ್ಪತ್ತು ವರ್ಷದ ಹೆಂಗಸಾಗಿದ್ದಾಗ, ಬಂಧುಗಳಲ್ಲೇ ಒಬ್ಬರ ಹೆರಿಗೆಯನ್ನು ಮೊದಲ ಸಲ ಅವರೇ ಮಾಡಿಸಿದರು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಬಸುರಿಯರಿಗೆ ಕೊಡುವ ನಾರುಬೇರಿನ ಔಷಧಿಗಳನ್ನು ಕಲಿತರು. ಹೊಟ್ಟೆಯ ಮೇಲೆ ಕೈಯಿಟ್ಟರೆ ಮಗುವಿನ ತಲೆ ಎತ್ತ ಇದೆ, ಮಿಡಿತ ಹೇಗಿದೆ ಅಂತ ಹೇಳುತ್ತಿದ್ದರು ಅನ್ನುವುದನ್ನು ಅವರನ್ನು ಕಂಡವರೆಲ್ಲ ಹೇಳಿದ್ದಾರೆ. ಸ್ಕ್ಯಾನು ಇಲ್ಲ, ಕೊಳವೆ ಇಲ್ಲ, ಬರೀ ಬೆರಳು.

ಹೀಗೆ ಎಪ್ಪತ್ತು ವರ್ಷದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅಂತ ಲೆಕ್ಕ. ನಮ್ಮ ಡೇರಿಯಲ್ಲಿ ಲೆಕ್ಕ ಬರೆಯುವವರು ಇಲ್ಲಿದ್ದಾರೆ, ಸ್ವಲ್ಪ ಗುಣಿಸಿ ನೋಡಿ. ಎರಡು ದಿನಕ್ಕೆ ಒಂದಕ್ಕಿಂತ ಹೆಚ್ಚೇ ಆಯಿತು. ಹಬ್ಬ ಇಲ್ಲ, ಅಮಾವಾಸ್ಯೆ ಇಲ್ಲ, ತನ್ನ ಮನೆಯಲ್ಲಿ ಮಗು ಹುಷಾರಿಲ್ಲ ಅನ್ನುವ ಹಾಗಿಲ್ಲ. ಬಾಗಿಲು ಬಡಿದರೆ ಎದ್ದು ಹೋಗಬೇಕು. ಅದಕ್ಕೆ ಅವರು ಕಾಸು ಕೇಳುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೂಲಗಿತ್ತಿ ಅನ್ನುವ ಮಾತು ನಮ್ಮ ಚಿಕ್ಕ ಹುಡುಗರಿಗೆ ಈಗ ಟೀವಿಯಲ್ಲಿ ಕೇಳಿದ ಮಾತು. ಜ್ಞಾನಭಾರತಿ ಸುತ್ತಲಿನ ನಮ್ಮ ಊರುಗಳಿಗೆ, ಮಲ್ಲತ್ತಹಳ್ಳಿ, ನಾಗದೇವನಹಳ್ಳಿ, ಉಲ್ಲಾಳು, ಪಟ್ಟಣಗೆರೆ, ಈ ಕಡೆಗೆಲ್ಲ ಅದು ಮನೆಮಾತಾಗಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿ, ಮುಂದೆ ಸಾವಿರ ಎಕರೆ ಮೀರಿದ ಜಾಗದಲ್ಲಿ ಅದರ ಆವರಣ ಎದ್ದಿತು. ಅದಕ್ಕೆ ಮೊದಲು ಈ ನೆಲ ರಾಗಿ ಹೊಲ, ತೋಪು, ವೃಷಭಾವತಿಯ ದಂಡೆ. ಬೆಂಗಳೂರಲ್ಲಿ 1935ರಿಂದ ವಾಣಿವಿಲಾಸ ಆಸ್ಪತ್ರೆ ಇತ್ತು ನಿಜ. ಆದರೆ ನಡುರಾತ್ರಿ ನೋವು ಕಾಣಿಸಿಕೊಂಡ ಹೆಣ್ಣನ್ನು ಎತ್ತಿನ ಗಾಡಿಯಲ್ಲಿ ಕೋಟೆಯ ತನಕ ಒಯ್ಯುವುದೆಂದರೆ ಹುಡುಗಾಟವೇ? ಕರೆಯುತ್ತಿದ್ದದ್ದು ಊರಿನ ಸೂಲಗಿತ್ತಿಯನ್ನೇ.

ಆಕೆ ಬಂದು ಮೊದಲು ಗಂಡಸರನ್ನೆಲ್ಲ ಹೊರಗೆ ಅಟ್ಟುವಳು. ಬಿಸಿನೀರು ಇಡಿಸುವಳು. ಹೊಟ್ಟೆ ಮುಟ್ಟಿ ನೋಡಿ, ಇನ್ನೂ ಹೊತ್ತಿದೆ ಎದ್ದು ಓಡಾಡು ಅಂತ ಬಸುರಿಯನ್ನು ನಡೆಸುವಳು. ಜಂತೆಗೆ ಹಗ್ಗ ಕಟ್ಟಿ ಹಿಡಿದುಕೊಳ್ಳಲು ಕೊಡುವಳು. ಬೆನ್ನು ನೀವುವಳು, ಗದರುವಳು, ನಗಿಸುವಳು. ಮಗು ಬಂದ ಮೇಲೆ ಕಸ ಬೀಳುವ ತನಕ ಕದಲುವ ಹಾಗಿಲ್ಲ. ಆಮೇಲೆ ಹತ್ತು ದಿನ ಎರಡು ಹೊತ್ತು ಬಂದು ಕಾಲು ನೀಡಿ ಕೂತು ಮಗುವಿಗೆ ನೀರು ಹಾಕುವುದು, ಬಾಣಂತಿಗೆ ಎಣ್ಣೆ ನೀವುವುದು. ಇಷ್ಟಕ್ಕೆ ಅವಳಿಗೆ ಸಿಗುತ್ತಿದ್ದದ್ದು ಒಂದು ಮೊರ ರಾಗಿಯೋ ಅಕ್ಕಿಯೋ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ. ಉಳ್ಳವರ ಮನೆಯಾದರೆ ಒಂದು ಸೀರೆ. ಗಂಡು ಮಗುವಾದರೆ ಒಂದಿಷ್ಟು ಜಾಸ್ತಿ, ಹೆಣ್ಣಾದರೆ ಕಡಿಮೆ. ಇದನ್ನೂ ಮುಚ್ಚಿಡದೆ ಹೇಳಬೇಕು.

ಇನ್ನೊಂದು ಮಾತೂ ಇದೆ, ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ. ಪುರುಡಿನ ಮನೆಯ ಕೆಲಸ ಮೈಲಿಗೆಯ ಕೆಲಸ ಅಂತ ಲೆಕ್ಕ. ಹೆರಿಗೆಯ ಹೊತ್ತಿಗೆ ಅವಳ ಕೈ ದೇವರ ಕೈ. ಹನ್ನೊಂದನೇ ದಿನ ಮನೆ ಶುದ್ಧ ಮಾಡಿದ ಮೇಲೆ ಅದೇ ಕೈಯಿಂದ ನೀರು ತೆಗೆದುಕೊಳ್ಳದ ಮನೆಗಳೂ ಇದ್ದವು. ನಮ್ಮ ಸಂಘದಲ್ಲಿ ಯಾರ ಮನೆ ಹಾಲಾದರೂ ಒಂದೇ ಕ್ಯಾನಿಗೆ ಬೀಳುತ್ತದಲ್ಲ, ಆ ತಿಳುವಳಿಕೆ ನಮಗೆ ಬರುವುದಕ್ಕೆ ಎಷ್ಟೋ ತಲೆಮಾರು ಹಿಡಿಯಿತು.

ಈಗ ನರಸಮ್ಮನವರಿಗೆ ಬಂದ ಮರ್ಯಾದೆಯ ವಿಚಾರ. ರಾಜ್ಯ ಸರ್ಕಾರದ ಡಿ. ದೇವರಾಜ ಅರಸು ಪ್ರಶಸ್ತಿ ಬಂದದ್ದು 2012ರಲ್ಲಿ. ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ 2013ರಲ್ಲಿ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆ ವಿಶ್ವವಿದ್ಯಾಲಯ ನಮ್ಮ ಜ್ಞಾನಭಾರತಿಯಿಂದಲೇ 2004ರಲ್ಲಿ ಬೇರೆ ಹೊರಟು ಮನೆ ಮಾಡಿದ್ದು. ಅಂದರೆ ನಮ್ಮ ಮಗಳ ಮನೆ ಇದ್ದ ಹಾಗೆ. ಕಡೆಗೆ 2018ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ರಾಮನಾಥ ಕೋವಿಂದರ ಕೈಯಿಂದ ಈ ಹಣ್ಣು ಹಣ್ಣು ಅಜ್ಜಿ ಪ್ರಶಸ್ತಿ ತೆಗೆದುಕೊಂಡ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದೇ ವರ್ಷ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಿಗೂ, ದೇವದಾಸಿ ಪದ್ಧತಿಯ ವಿರುದ್ಧ ಮಾಡಿದ ಕೆಲಸಕ್ಕಾಗಿ, ಪದ್ಮಶ್ರೀ ಬಂತು. ಸಂತೋಷ. ಆದರೆ 2012ಕ್ಕೆ ನರಸಮ್ಮನವರ ವಯಸ್ಸು 92. ಕೆಲಸ ಶುರು ಮಾಡಿ ಎಪ್ಪತ್ತೆರಡು ವರ್ಷ ಕಳೆದ ಮೇಲೆ ಅವರ ಹೆಸರು ದೊಡ್ಡ ಪಟ್ಟಿಗಳಲ್ಲಿ ಬಂತು. ಅಷ್ಟು ಆಯಸ್ಸು ದೇವರು ಕೊಟ್ಟದ್ದಕ್ಕೆ ನೋಡುವ ಭಾಗ್ಯ ಅವರಿಗೂ ಸಿಕ್ಕಿತು, ನಮಗೂ ಸಿಕ್ಕಿತು. ಎಪ್ಪತ್ತಕ್ಕೋ ಎಂಬತ್ತಕ್ಕೋ ಕಣ್ಣು ಮುಚ್ಚಿದ ಸೂಲಗಿತ್ತಿಯರು ರಾಜ್ಯದಲ್ಲಿ ಎಷ್ಟು ಸಾವಿರವೋ.

ಇಂಥ ಭಾಷಣದಲ್ಲಿ ಸಾಮಾನ್ಯವಾಗಿ ಒಂದು ಮಾತು ಬಂದೇ ಬರುತ್ತದೆ. 'ಆಗಿನ ಕಾಲವೇ ಚೆನ್ನಾಗಿತ್ತು, ಮನೆಯಲ್ಲೇ ಹೆರುತ್ತಿದ್ದರು, ಈಗ ಎಲ್ಲಕ್ಕೂ ಕತ್ತರಿ.' ನಮಗೆ ಈ ಮಾತು ಒಪ್ಪಿಗೆಯಿಲ್ಲ. ನರಸಮ್ಮನವರ ಹೆಸರಿನಲ್ಲಿ ಆ ಮಾತು ಹೇಳಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಎಲ್ಲ ಊರಿಗೂ ನರಸಮ್ಮ ಇರಲಿಲ್ಲ. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು, ಬೂದಿಯೋ ಸಗಣಿಯೋ ಹಚ್ಚಿ, ಆರೆಂಟು ದಿನಕ್ಕೆ ಮಗುವಿಗೆ ಧನುರ್ವಾಯು ಬಂದು ಸೆಟೆದು ಹೋದದ್ದನ್ನು ಕಂಡ ಅಜ್ಜಿಯರು ಪ್ರತಿ ಊರಲ್ಲೂ ಇದ್ದರು. ಅದಕ್ಕೇ ಸರ್ಕಾರದವರು ಸೂಲಗಿತ್ತಿಯರನ್ನು ಕೂರಿಸಿ ತರಬೇತಿ ಕೊಟ್ಟರು. ಶುದ್ಧ ಕೈ, ಶುದ್ಧ ಜಾಗ, ಶುದ್ಧ ಬ್ಲೇಡು, ಶುದ್ಧ ದಾರ, ಹೊಕ್ಕುಳಿಗೆ ಏನನ್ನೂ ಹಚ್ಚಬಾರದು ಅಂತ ಹೇಳಿಕೊಟ್ಟರು. ಬಸುರಿಯರಿಗೆ ಟೆಟನಸ್ ಇಂಜೆಕ್ಷನ್ ಹಾಕಿದರು. ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಇದು ಚಿಕ್ಕ ಗೆಲುವಲ್ಲ.

ಮತ್ತೆ, ಎಷ್ಟೇ ಪಳಗಿದ ಕೈ ಆದರೂ ಬರಿ ಕೈಗೆ ನಿಲ್ಲದ ಸಂಗತಿಗಳಿವೆ. ಹೆತ್ತ ಮೇಲೆ ರಕ್ತ ನಿಲ್ಲದೆ ಹರಿದರೆ ರಕ್ತ ಕೊಡಬೇಕು. ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ಔಷಧಿ ಬೇಕು. ಮಗು ಅಡ್ಡ ತಿರುಗಿ ನಿಂತರೆ ಶಸ್ತ್ರಚಿಕಿತ್ಸೆ ಆಗಬೇಕು. ಅಂಕಿ ಸಂಖ್ಯೆ ಹೇಳುವುದಾದರೆ, 2004–06ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. 1992–93ರಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನೂರಕ್ಕೆ 40 ಕೂಡ ಇರಲಿಲ್ಲ. 2019–21ರ ಸಮೀಕ್ಷೆಯಲ್ಲಿ ಅದು 97. ನಡುವೆ 2008ರ ನವೆಂಬರ್‌ನಲ್ಲಿ 108 ಗಾಡಿ ಬಂತು, ಆಶಾ ಕಾರ್ಯಕರ್ತೆಯರು ಬಂದರು. ಇದನ್ನೆಲ್ಲ ಬೇಡ ಅನ್ನುವವರು ಆ 213 ಮನೆಗಳ ಬಾಗಿಲಿಗೆ ಹೋಗಿ ಹೇಳಲಿ.

ಹಾಗಾದರೆ ನರಸಮ್ಮನವರಿಂದ ನಾವು ಉಳಿಸಿಕೊಳ್ಳಬೇಕಾದ್ದು ಏನು? ಅದಕ್ಕೆ ಸ್ವಲ್ಪ ದೂರದ ಕಥೆ ಹೇಳಬೇಕು.

ನರ್ಸುಗಳ ತಾಯಿ ಅಂತ ಲೋಕವೆಲ್ಲ ಕರೆಯುವ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ನಮ್ಮ ನರಸಮ್ಮನವರಿಗಿಂತ ಸರಿಯಾಗಿ ನೂರು ವರ್ಷ ಮೊದಲು. 1854ರಲ್ಲಿ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಹೋದದ್ದು, ದೀಪ ಹಿಡಿದು ರಾತ್ರಿ ಸುತ್ತಿದ್ದು ಶಾಲೆಯ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಇದೆ. 1860ರ ದಶಕದ ಶುರುವಿನಲ್ಲಿ ಆಕೆ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಸೂಲಗಿತ್ತಿಯರನ್ನು ತಯಾರು ಮಾಡುವುದಕ್ಕೆ ಹೆರಿಗೆ ವಾರ್ಡು ತೆರೆಸಿದರು. ಹಳ್ಳಿ ಹಳ್ಳಿಗೆ ಕಲಿತ ಸೂಲಗಿತ್ತಿ ಹೋಗಲಿ ಅನ್ನುವುದು ಆಸೆ. ಆದರೆ ವಾರ್ಡಿನಲ್ಲಿ ಬಾಣಂತಿ ಜ್ವರ ಹರಡಿ ತಾಯಂದಿರು ಸಾಯತೊಡಗಿದರು. 1867ರಲ್ಲಿ ಅದನ್ನು ಮುಚ್ಚಿಬಿಟ್ಟರು. ಆಮೇಲೆ ಸುಮ್ಮನೆ ಕೂರಲಿಲ್ಲ. ಎಲ್ಲೆಲ್ಲಿಂದಲೋ ಲೆಕ್ಕ ತರಿಸಿ, ಮನೆಯಲ್ಲಿ ಹೆತ್ತವರಿಗಿಂತ ಹೆರಿಗೆ ಆಸ್ಪತ್ರೆಗಳಲ್ಲಿ ಹೆತ್ತವರೇ ಹೆಚ್ಚು ಸಾಯುತ್ತಿದ್ದಾರೆ ಅನ್ನುವುದನ್ನು 1871ರಲ್ಲಿ ಪುಸ್ತಕ ಬರೆದು ತೋರಿಸಿದರು. ಹಾಗಂತ ಆಸ್ಪತ್ರೆಯೇ ಬೇಡ ಅನ್ನಲಿಲ್ಲ. ತುಂಬ ಜನರನ್ನು ಒಂದೇ ಕಡೆ ತುಂಬಬೇಡಿ, ಗಾಳಿ ಬೆಳಕು ಬರಲಿ, ಶುಚಿಯಿರಲಿ, ನೋಡಿಕೊಳ್ಳುವವಳು ಕಲಿತವಳಿರಲಿ ಅಂತ ಹಟ ಹಿಡಿದರು.

ಅದಕ್ಕೂ ಮೊದಲೇ ವಿಯೆನ್ನಾ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ಡಾಕ್ಟರಿಕೆ ಓದುವ ಹುಡುಗರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಯಾವುದರಲ್ಲಿ ಸಾವು ಹೆಚ್ಚಿತ್ತು ಅಂತೀರಿ? ಡಾಕ್ಟರುಗಳದ್ದರಲ್ಲಿ! ಹೆಣ ಕೊಯ್ದ ಕೈಯನ್ನು ಸರಿಯಾಗಿ ತೊಳೆಯದೆ ಅವರು ಹೆರಿಗೆಗೆ ಬರುತ್ತಿದ್ದರು. ಸೆಮ್ಮೆಲ್ವೈಸ್ ಅನ್ನುವ ಡಾಕ್ಟರು 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಪಾಪ, ಅವರ ಮಾತನ್ನು ಜೊತೆಯವರು ಬಹಳ ದಿನ ಒಪ್ಪಲಿಲ್ಲ.

ಆ ವಾರ್ಡು ಈ ವಾರ್ಡಿನ ಕಥೆಯಲ್ಲಿ ನಮಗೆ ಕಂಡದ್ದು ಇಷ್ಟು. ತಾಯಿ ಮಲಗಿದ ಜಾಗ ಮನೆಯೋ ಆಸ್ಪತ್ರೆಯೋ ಅನ್ನುವುದು ಒಂದು ಪ್ರಶ್ನೆ. ಅವಳ ಪಕ್ಕದಲ್ಲಿ ಕಲಿತ, ಶುದ್ಧವಾದ, ಅವಸರವಿಲ್ಲದ ಒಂದು ಕೈ ಇದೆಯೋ ಇಲ್ಲವೋ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುತ್ತಿದ್ದ 1,620 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು. ಹೆರಿಗೆ ಮಾಡಿಸುತ್ತಿದ್ದವರು ಎಎನ್ಎಂ ಸಿಸ್ಟರುಗಳು, ಡಾಕ್ಟರಲ್ಲ. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಜನಕ್ಕೆ ಮಿಸೋಪ್ರೊಸ್ಟಾಲ್ ಅನ್ನುವ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು ಮಾತ್ರೆ ತೆಗೆದುಕೊಂಡವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಈ ಕೆಲಸಕ್ಕೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಸೈಕಲ್ಲಲ್ಲೋ ಬಸ್ಸಲ್ಲೋ ಹಳ್ಳಿ ಸುತ್ತುವ ಸಿಸ್ಟರಮ್ಮನ ಕೈಗೆ ಸರಿಯಾದ ವಸ್ತು ಕೊಟ್ಟರೆ ಏನಾಗುತ್ತದೆ ಅಂತ ಲೋಕಕ್ಕೆ ತೋರಿಸಿದವರು ಬೆಳಗಾವಿಯ ಹೆಣ್ಣುಮಕ್ಕಳು.

ಈಗಿನ ಆಸ್ಪತ್ರೆಯಲ್ಲಿ ಕಟ್ಟಡ ಇದೆ, ಯಂತ್ರ ಇದೆ. ಆದರೆ ಆ ಕೈ? ಒಬ್ಬ ಸಿಸ್ಟರಿಗೆ ಒಂದೇ ಪಾಳಿಯಲ್ಲಿ ಎಷ್ಟು ತಾಯಂದಿರು ಅಂತ ದೊಡ್ಡಾಸ್ಪತ್ರೆಗೆ ಮಗಳನ್ನು ಸೇರಿಸಿದವರನ್ನು ಕೇಳಿ. 2019–21ರ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಹೆರಿಗೆ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಹತ್ತಿರ ಹತ್ತಿರ ಅರ್ಧ. ಬೇಕಾದವರಿಗೆ ಅದು ಜೀವ ಉಳಿಸುವ ವಿದ್ಯೆ, ಅದರಲ್ಲಿ ಎರಡು ಮಾತಿಲ್ಲ. ಇಷ್ಟು ಜನಕ್ಕೂ ಬೇಕಿತ್ತೇ ಅನ್ನುವುದು ನಮ್ಮ ಸಂಶಯ. ನೋವು ಶುರುವಾದ ಹೆಣ್ಣಿನ ಪಕ್ಕ ಹತ್ತು ಹನ್ನೆರಡು ಗಂಟೆ ಕೂರುವ ಪುರುಸೊತ್ತು ಯಾರಿಗೂ ಇಲ್ಲದಿದ್ದರೆ ಕತ್ತರಿಯೇ ಸುಲಭ. ಇನ್ನು 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಡ್ರಿಪ್ಪಿಗೆ ಹಾಕುವ ದ್ರಾವಣದ ಮೇಲೆಯೇ ಸಂಶಯ ಬಂದು ಸರ್ಕಾರ ಅದನ್ನು ತಡೆಹಿಡಿಯಬೇಕಾಯಿತು. ಆಸ್ಪತ್ರೆಗೆ ಸೇರಿಸಿದೆವು, ನಮ್ಮ ಕೆಲಸ ಮುಗಿಯಿತು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಒಂದು ವಿಚಾರ ಇಲ್ಲಿರುವ ಅತ್ತೆಯರಿಗೆ, ತಾಯಂದಿರಿಗೆ ಗೊತ್ತಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಬಸುರಿಯ ಜೊತೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಹೆರಿಗೆಯ ಕಷ್ಟ ಗೊತ್ತಿರುವವರು ಹೋಗಬೇಕು. ಒಳಗೆ ಬಿಡುವುದಿಲ್ಲ ಅಂದರೆ ಮರ್ಯಾದೆಯಿಂದ ಕೇಳಿ. ಜಗಳ ಬೇಡ, ಕೇಳುವುದನ್ನು ಬಿಡಲೂ ಬೇಡ. ಬೆನ್ನು ನೀವಿ, ಭಯಪಡಬೇಡ ಮಗಳೇ ಅನ್ನುವ ಒಂದು ದನಿ ಪಕ್ಕದಲ್ಲಿದ್ದರೆ ಹೆರಿಗೆ ಸಲೀಸಾಗುತ್ತದೆ ಅನ್ನುವುದನ್ನು ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತಿದೆ. ನಮ್ಮ ಸೂಲಗಿತ್ತಿಯರಿಗೆ ಇದನ್ನು ಯಾರೂ ಸುತ್ತೋಲೆ ಕಳಿಸಿ ಹೇಳಿರಲಿಲ್ಲ.

ಇನ್ನೊಂದು ಸಂಗತಿ ನಮಗೆ ಆಶ್ಚರ್ಯವಾಗಿ ಕಾಣುತ್ತದೆ. 2018ರ ಡಿಸೆಂಬರ್ ತಿಂಗಳಲ್ಲಿ ನರಸಮ್ಮನವರು ಕೆಂಗೇರಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ಅದೇ ತಿಂಗಳು ದೆಹಲಿಯಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಹೊಸ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿದವರಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು, ಸಹಜ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವಂತೆ ಮಾಡುವುದು, ತೊಂದರೆ ಕಂಡರೆ ಮಾತ್ರ ಡಾಕ್ಟರಿಗೆ ಒಪ್ಪಿಸುವುದು ಅದರ ಉದ್ದೇಶ. ಅಂದರೆ ಮತ್ತೆ ಸೂಲಗಿತ್ತಿಯೇ, ಆದರೆ ಓದಿದ ಸೂಲಗಿತ್ತಿ, ಹಿಂದೆ ಆಸ್ಪತ್ರೆಯ ಬಲ ಇರುವ ಸೂಲಗಿತ್ತಿ. 2020ನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷ ಅಂತ ಸಾರಿತು. ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷ. ಬದುಕಿದ್ದರೆ ನರಸಮ್ಮನವರಿಗೂ ಅಂದು ನೂರು ತುಂಬುತ್ತಿತ್ತು.

ಆ ವರ್ಷ ಬಂದದ್ದು ಕೊರೋನಾ. ಮನೆ ಮನೆ ಬಾಗಿಲಿಗೆ ಹೋಗಿ ಜ್ವರ ನೋಡಿದವರು ಆಶಾ ಕಾರ್ಯಕರ್ತೆಯರು. ಚಪ್ಪಾಳೆ ತಟ್ಟಿದೆವು. ಅದೇ 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಕೊಡಿ ಅಂತ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಬೇಕಾಯಿತು. ಇದನ್ನು ಇಲ್ಲಿ ಯಾಕೆ ಹೇಳಿದೆವು ಅಂದರೆ, ನರಸಮ್ಮನವರ ವಿಚಾರ ಬಂದಾಗಲೆಲ್ಲ ವೇದಿಕೆಯ ಮೇಲೆ 'ಒಂದು ಪೈಸೆ ಮುಟ್ಟದೆ ಸೇವೆ ಮಾಡಿದ ತಾಯಿ' ಅಂತ ಹೊಗಳುತ್ತಾರೆ. ಸರಿ, ಅದು ಅವರ ದೊಡ್ಡತನ. ಕೊಡುವವರ ದೊಡ್ಡತನವನ್ನು ಪಡೆಯುವವರು ಹಕ್ಕು ಅಂತ ತಿಳಿದುಕೊಂಡರೆ ಹೇಗೆ? ನಮ್ಮ ಡೇರಿಯಲ್ಲಿ ಹಾಲಿಗೆ ಫ್ಯಾಟು ನೋಡಿ, ಎಸ್ಎನ್ಎಫ್ ನೋಡಿ, ಒಂದೊಂದು ಪಾಯಿಂಟಿಗೂ ಲೆಕ್ಕ ಹಾಕಿ ದುಡ್ಡು ಕೊಡುತ್ತೇವೆ. ಕಾಲು ಲೀಟರ್ ಹಾಲು ಕಡಿಮೆ ಬರೆದರೆ ಕಾರ್ಯದರ್ಶಿಗಳಿಗೆ ಉಳಿಗಾಲವಿಲ್ಲ! (ಅವರು ನಗುತ್ತಿದ್ದಾರೆ, ಅವರಿಗೆ ಗೊತ್ತು.) ಹಸು ಕರು ಹಾಕಲು ತಿಣುಕಿದರೆ ನಡುರಾತ್ರಿಯಲ್ಲೂ ಪಶುವೈದ್ಯರಿಗೆ ಫೋನು ಮಾಡುತ್ತೇವೆ, ಬಂದವರಿಗೆ ಕಾಫಿ ಕೊಟ್ಟು, ಫೀಸು ಕೊಟ್ಟು ಕಳಿಸುತ್ತೇವೆ. ಸೊಸೆಗೆ ಹೆರಿಗೆ ಮಾಡಿಸಿದ ಸಿಸ್ಟರಿನ ಹೆಸರು ನಮ್ಮಲ್ಲಿ ಎಷ್ಟು ಮನೆಯವರಿಗೆ ಗೊತ್ತು?

ಈಗ ಕೊನೆಯ ವಿಚಾರ. ಈ ಸ್ಮರಣ ಸಂಚಿಕೆಯಲ್ಲಿ ಸಂಘದ ಅಧ್ಯಕ್ಷರಾಗಿದ್ದವರ ಫೋಟೋ ಇದೆ, ಕಾರ್ಯದರ್ಶಿಗಳದ್ದಿದೆ, ಕಟ್ಟಡಕ್ಕೆ ಜಾಗ ಕೊಟ್ಟವರ, ಚಂದಾ ಕೊಟ್ಟವರ ಹೆಸರಿದೆ, ಅತಿ ಹೆಚ್ಚು ಹಾಲು ಹಾಕಿದವರದ್ದೂ ಇದೆ. ಎಲ್ಲ ಇರಬೇಕಾದ್ದೇ. ಆದರೆ ಇಲ್ಲಿ ಕೂತಿರುವ ಅರವತ್ತು ದಾಟಿದವರನ್ನು ಈ ಲೋಕಕ್ಕೆ ಎತ್ತಿಕೊಂಡ ಸೂಲಗಿತ್ತಿಯರ ಹೆಸರು ಎಲ್ಲೂ ಇಲ್ಲ. ನರಸಮ್ಮನವರ ಹೆಸರು ದೆಹಲಿಯ ತನಕ ಹೋಯಿತು. ನಮ್ಮ ಬೀದಿಯ ನರಸಮ್ಮಂದಿರ ಹೆಸರು ನಮ್ಮ ಬೀದಿಯಲ್ಲೇ ಅಳಿಸಿ ಹೋಗುತ್ತಾ ಇದೆ. ಇದನ್ನು ನಿರ್ದೇಶಕ ಮಂಡಳಿಯವರ ಮುಂದೆ ಇಟ್ಟೆವು. ಅವರು ಎರಡು ವಿಚಾರಕ್ಕೆ ಒಪ್ಪಿದ್ದಾರೆ.

ಒಂದು, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಊರುಗಳ ಆಶಾ ಕಾರ್ಯಕರ್ತೆಯರನ್ನೂ, ಉಪಕೇಂದ್ರದ ಸಿಸ್ಟರನ್ನೂ ಕರೆದು ಕೂರಿಸಿ, ಅವರಿಗೆ ಏನು ಬೇಕು ಅಂತ ಕೇಳುವುದು. ಶಾಲು ಹೊದಿಸಿ ಕಳಿಸುವುದಲ್ಲ. ತೂಕದ ಯಂತ್ರ ಕೆಟ್ಟಿದೆಯೋ, ಕೂರುವುದಕ್ಕೆ ಜಾಗ ಇಲ್ಲವೋ, ರಾತ್ರಿ ಓಡಾಟಕ್ಕೆ ಗಾಡಿ ಬೇಕೋ, ಅವರ ಬಾಯಿಂದಲೇ ಕೇಳಿ, ಸಂಘದ ಲಾಭದಲ್ಲಿ ಸಮಾಜಸೇವೆಗೆ ಇಟ್ಟ ಹಣದಿಂದ ಆದಷ್ಟು ಮಾಡುವುದು.

ಇನ್ನೊಂದು, ಡೇರಿಯಲ್ಲಿ ಹಾಲು ಅಳೆಯುವ ಮೇಜಿನ ಪಕ್ಕ ನಾಳೆಯಿಂದ ಒಂದು ನೋಟ್‌ಬುಕ್ ಇರುತ್ತದೆ. ನಿಮ್ಮನ್ನು, ನಿಮ್ಮ ಅಪ್ಪ ಅವ್ವನನ್ನು ಎತ್ತಿದ ಸೂಲಗಿತ್ತಿ ಯಾರು, ಯಾವ ಬೀದಿಯವರು, ಯಾರಿಂದ ಕಲಿತರು, ಏನು ನೆನಪಿದೆ, ಬರೆಸಿ. ಬರೆಯಲು ಬಾರದವರು ಹೇಳಿದರೆ ಸಾಕು, ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ನಮ್ಮ ಹುಡುಗರು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಮಲಗಿದ ಕಡೆಯೇ ಇರುವ ಅಜ್ಜಿಯರಿದ್ದರೆ ತಿಳಿಸಿ, ಅವರ ಹತ್ತಿರಕ್ಕೇ ಬರುತ್ತೇವೆ. ಯುಗಾದಿಯ ಒಳಗೆ ಬರೆಸಿದರೆ ಒಳ್ಳೆಯದು. ಎಂಬತ್ತು ತೊಂಬತ್ತು ದಾಟಿದವರು ಇನ್ನು ಕೆಲವರೇ ಉಳಿದಿದ್ದಾರೆ, ಮೊದಲು ಅವರ ಮನೆಗಳಿಂದ ಶುರು ಮಾಡೋಣ.